ಬೆನ್ನುಮೂಳೆ ಇಲ್ಲದವುಗಳ ಪ್ರಾಧ್ಯಾಪಕ ಲಾಮಾರ್ಕ್

ಲಾಮಾರ್ಕ್ ಎಂದ ಕೂಡಲೇ ವಿಜ್ಞಾನ ಓದಿದವರ ಕಣ್ಣ ಮುಂದೆ ಒಂದು ಜಿರಾಫೆ ಬಂದು ನಿಲ್ಲುತ್ತದೆ. ಅದು ಮರದ ಮೇಲಿನ ಎಲೆಗೆ ಕತ್ತು ಚಾಚುತ್ತಿರುತ್ತದೆ. ಪಕ್ಕದ ಚಿತ್ರದಲ್ಲಿ ಡಾರ್ವಿನ್ನರ ಜಿರಾಫೆಗಳು. ಶಿಕ್ಷಕರು ಮೊದಲನೆಯದನ್ನು ತೋರಿಸಿ ಇದು ತಪ್ಪು ಎನ್ನುತ್ತಾರೆ, ಎರಡನೆಯದನ್ನು ತೋರಿಸಿ ಇದು ಸರಿ ಎನ್ನುತ್ತಾರೆ. ಅಲ್ಲಿಗೆ ಲಾಮಾರ್ಕ್ ಮುಗಿದರು. 85 ವರ್ಷ ಬದುಕಿದ ಮನುಷ್ಯನಿಗೆ ನಮ್ಮ 40 ನಿಮಿಷದ ಅವಧಿಯಲ್ಲಿ ಸಿಗುವುದು ಹೆಚ್ಚೆಂದರೆ 5 ನಿಮಿಷ. ಅದೂ ತಪ್ಪು ಮಾಡಿದವರ ಸಾಲಿನಲ್ಲಿ.

ಈ ಲೇಖನ ಜಿರಾಫೆಯನ್ನು ಬದಿಗಿಟ್ಟು ಶಂಖದಿಂದ ಹೊರಡುತ್ತದೆ. ನಮ್ಮ ದೇವರ ಕೋಣೆಗಳಲ್ಲಿ ಇರುವ, ಊದುವ ಬಿಳಿ ಶಂಖವನ್ನು ತೂತುಕುಡಿ, ರಾಮೇಶ್ವರದ ಕಡೆಯ ಸಮುದ್ರದಿಂದ ಮುಳುಗುಗಾರರು ತೆಗೆಯುತ್ತಾರೆ. ಅದರ ವೈಜ್ಞಾನಿಕ ಹೆಸರು ಟರ್ಬಿನೆಲ್ಲಾ ಪೈರಮ್. ಎರಡನೆಯ ಪದ, ಎಂದರೆ ಪ್ರಭೇದದ ಹೆಸರು, ಸ್ವೀಡನ್ನಿನ ಲಿನ್ನೇಯಸ್ 1767ರಲ್ಲಿ ಕೊಟ್ಟದ್ದು. ಆದರೆ ಅವರು ಇದನ್ನು ವೊಲ್ಯೂಟಾ ಎಂಬ ದೊಡ್ಡ ಕುಲದೊಳಗೆ ಹತ್ತಾರು ಬೇರೆ ಚಿಪ್ಪುಗಳ ಜತೆ ತುಂಬಿಸಿದ್ದರು. ಅದನ್ನು ಅಲ್ಲಿಂದ ಹೊರತೆಗೆದು, ಇದಕ್ಕೆ ಬೇರೆಯೇ ಮನೆ ಬೇಕು ಎಂದು 1799ರಲ್ಲಿ ಟರ್ಬಿನೆಲ್ಲಾ ಎಂಬ ಕುಲವನ್ನು ಕಟ್ಟಿದವರು ಲಾಮಾರ್ಕ್. ಪುಸ್ತಕಗಳಲ್ಲಿ ಶಂಖದ ಹೆಸರಿನ ಮುಂದೆ ಲಿನ್ನೇಯಸ್ ಮತ್ತು 1767 ಎಂಬುದನ್ನು ಆವರಣ ಚಿಹ್ನೆಯೊಳಗೆ ಬರೆದಿರುತ್ತಾರೆ. ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದ ನಮ್ಮಲ್ಲಿ ಅನೇಕರು ಆ ಆವರಣವನ್ನು ಅಲಂಕಾರ ಎಂದುಕೊಂಡೇ ದಾಟಿಬಿಡುತ್ತೇವೆ. ಅದು ಅಲಂಕಾರವಲ್ಲ. ಮೊದಲು ಹೆಸರಿಟ್ಟವರು ಇದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಯಾರೋ ಜಾಗ ಬದಲಾಯಿಸಿದ್ದಾರೆ ಎಂಬ ಮಾಹಿತಿ ಆ ಎರಡು ಕಮಾನುಗಳಲ್ಲಿದೆ. ಹೆಸರಿನೊಳಗೇ ಅದರ ಚರಿತ್ರೆ ಇದೆ.

ಜೀನ್ ಬ್ಯಾಪ್ಟಿಸ್ಟ್ ಲಾಮಾರ್ಕ್ ಹುಟ್ಟಿದ್ದು 1744ರ ಆಗಸ್ಟ್ 1ರಂದು, ಉತ್ತರ ಫ್ರಾನ್ಸಿನ ಪಿಕಾರ್ಡಿ ಪ್ರಾಂತ್ಯದ ಬಜಾಂಟಾಂ ಎಂಬ ಹಳ್ಳಿಯಲ್ಲಿ. ಮನೆತನಕ್ಕೆ ಹೆಸರಿತ್ತು, ಹಣವಿರಲಿಲ್ಲ. ಹನ್ನೊಂದು ಮಕ್ಕಳಲ್ಲಿ ಇವರೇ ಕೊನೆಯವರು. ಹಿರಿಯ ಅಣ್ಣಂದಿರು ಸೈನ್ಯಕ್ಕೆ ಹೋದರು. ಕೊನೆಯ ಮಗ ಪಾದ್ರಿಯಾಗಲಿ ಎಂದು ತಂದೆ ಆಮಿಯಾಂ ನಗರದ ಜೆಸ್ವಿಟ್ ಶಾಲೆಗೆ ಸೇರಿಸಿದರು. ತಂದೆ ತೀರಿಕೊಂಡ ಮೇಲೆ ಹುಡುಗ ಶಾಲೆ ಬಿಟ್ಟು, ಒಂದು ಕುದುರೆ ಕೊಂಡು, ಜರ್ಮನಿಯಲ್ಲಿ ಯುದ್ಧ ಮಾಡುತ್ತಿದ್ದ ಫ್ರೆಂಚ್ ಸೇನೆಯನ್ನು ಹುಡುಕಿಕೊಂಡು ಹೊರಟ. ಅದು ಏಳು ವರ್ಷಗಳ ಯುದ್ಧದ ಕಾಲ. 1761ರ ಜುಲೈಯಲ್ಲಿ ವಿಲ್ಲಿಂಗ್‌ಹೌಸನ್ ಎಂಬಲ್ಲಿ ಕಾಳಗ ನಡೆದಾಗ ಅವರಿಗೆ 17 ತುಂಬಲು ಇನ್ನೂ ಕೆಲವು ದಿನ ಬಾಕಿ. ಅವರ ತುಕಡಿಯ ಅಧಿಕಾರಿಗಳೆಲ್ಲ ಸತ್ತರು, ಉಳಿದ ಕೆಲವೇ ಸೈನಿಕರು ಹಿಂದೆ ಸರಿಯೋಣ ಎಂದರು, ಆಜ್ಞೆ ಬಾರದೆ ಜಾಗ ಬಿಡುವುದಿಲ್ಲ ಎಂದು ಈ ಹುಡುಗ ನಿಂತುಬಿಟ್ಟ ಎಂಬ ಕಥೆಯನ್ನು ಅವರ ಜೀವನಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಆ ಹಟ ಅವರನ್ನು ಕೊನೆಯತನಕ ಬಿಡಲಿಲ್ಲ. ಯುದ್ಧದಲ್ಲಿ ಅದು ಅಧಿಕಾರಿಯ ಹುದ್ದೆ ತಂದುಕೊಟ್ಟಿತು. ಮುಂದೆ ವಿಜ್ಞಾನದಲ್ಲಿ ಅದೇ ಹಟ ಕೆಲವೊಮ್ಮೆ ಅವರನ್ನು ಮುಳುಗಿಸಿತು ಕೂಡ.

ಯುದ್ಧ ಮುಗಿದ ಮೇಲೆ ಮೆಡಿಟರೇನಿಯನ್ ತೀರದ ಮೊನಾಕೊದಲ್ಲಿ ಕಾವಲು ಕೆಲಸ. ಕೆಲಸವಿಲ್ಲದ ಕಾವಲು. ಅಲ್ಲಿನ ಕಲ್ಲುಗುಡ್ಡಗಳ ಗಿಡಗಳು ಕಣ್ಣಿಗೆ ಬಿದ್ದವು. ಒಂದು ದಿನ ಗೆಳೆಯನೊಬ್ಬ ತಮಾಷೆಗಾಗಿ ತಲೆ ಹಿಡಿದು ಮೇಲೆತ್ತಿದ್ದರಿಂದ ಕತ್ತಿನ ಗ್ರಂಥಿಗಳಿಗೆ ಪೆಟ್ಟಾಯಿತು. ಪ್ಯಾರಿಸ್ಸಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಸೈನ್ಯದ ಬದುಕು ಮುಗಿಯಿತು. ಕೈಗೆ ಸಣ್ಣ ಪಿಂಚಣಿ, ಬ್ಯಾಂಕೊಂದರಲ್ಲಿ ಗುಮಾಸ್ತಿಕೆ, ಸ್ವಲ್ಪ ಕಾಲ ವೈದ್ಯಶಾಸ್ತ್ರದ ಓದು, ಬಿಡುವಿನಲ್ಲಿ ರಾಜೋದ್ಯಾನದಲ್ಲಿ ಸಸ್ಯಶಾಸ್ತ್ರ. ಹೀಗೆ ಸುಮಾರು ಹತ್ತು ವರ್ಷ.

1778ರಲ್ಲಿ ಫ್ರಾನ್ಸಿನ ಸಸ್ಯಗಳ ಬಗ್ಗೆ ಅವರ ಮೂರು ಸಂಪುಟಗಳ ಗ್ರಂಥ ಹೊರಬಂತು. ಶಿಕ್ಷಕರಾಗುವವರು ನಿಂತು ನೋಡಬೇಕಾದ ಪುಸ್ತಕ ಅದು. ಆ ಕಾಲದಲ್ಲಿ ವಿದ್ವಾಂಸರು ಗಿಡಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು. ಲಾಮಾರ್ಕ್ ಫ್ರೆಂಚಿನಲ್ಲಿ ಬರೆದರು. ಅದಕ್ಕಿಂತ ಮುಖ್ಯವಾಗಿ, ಓದುಗನು ತಾನೇ ಗಿಡದ ಹೆಸರು ಕಂಡುಹಿಡಿಯುವ ಹಾದಿಯೊಂದನ್ನು ಪುಸ್ತಕದಲ್ಲಿ ಹಾಕಿಕೊಟ್ಟರು. ಗಿಡಕ್ಕೆ ಸ್ಪಷ್ಟವಾದ ಹೂವಿದೆಯೋ ಇಲ್ಲವೋ? ಇದ್ದರೆ ಈ ಸಂಖ್ಯೆಗೆ ಹೋಗಿ, ಇಲ್ಲದಿದ್ದರೆ ಆ ಸಂಖ್ಯೆಗೆ ಹೋಗಿ. ಅಲ್ಲಿ ಮತ್ತೆ ಎರಡೇ ದಾರಿ. ಹೀಗೆ ಪ್ರತಿ ಹೆಜ್ಜೆಗೂ ಎರಡರಲ್ಲಿ ಒಂದನ್ನು ಆರಿಸುತ್ತಾ ಹೋದರೆ ಕೊನೆಗೆ ಒಂದು ಹೆಸರು ಸಿಗುತ್ತದೆ. ಇಂದು ಪದವಿ ತರಗತಿಗಳಲ್ಲಿ ನಾವು ಇಬ್ಭಾಗ ಕೀಲಿ ಎಂದು ಓದುವುದು ಇದನ್ನೇ. ಈ ವಿಧಾನ ಅದಕ್ಕೂ ಮೊದಲು ಅಲ್ಲಲ್ಲಿ ಕಾಣಿಸಿಕೊಂಡಿತ್ತು, ಆದರೆ ಒಂದು ಇಡೀ ದೇಶದ ಸಸ್ಯಗಳಿಗೆ ಸಾಮಾನ್ಯ ಓದುಗನೂ ಬಳಸುವಂತೆ ಅದನ್ನು ಅಳವಡಿಸಿದ ಕೀರ್ತಿ ಲಾಮಾರ್ಕರದು.

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ವರ್ಗೀಕರಣದ ಪಾಠ ಮಾಡುವಾಗ ನಾನು ಇದನ್ನು ಎಂಟು ಗುಂಡಿಗಳಿಂದ ಮಾಡಿಸಿದೆ. ಅಂಗಿಯ ಗುಂಡಿಗಳು. ಎರಡು ತೂತೋ ನಾಲ್ಕು ತೂತೋ, ಬಣ್ಣದ್ದೋ ಬಿಳಿಯದೋ, ಅಂಚು ಎದ್ದಿದೆಯೋ ಸಮತಟ್ಟೋ. ಮಕ್ಕಳು ತಾವೇ ಕೀಲಿ ಬರೆದು, ಪಕ್ಕದ ಗುಂಪಿಗೆ ಕೊಟ್ಟು, ಸರಿಯಾದ ಗುಂಡಿ ಸಿಗುತ್ತದೆಯೇ ಎಂದು ಪರೀಕ್ಷಿಸಿದರು. ಒಂದು ಗುಂಪಿನವರು ಚಂದವಾದದ್ದು, ಚಂದವಿಲ್ಲದ್ದು ಎಂದು ಭಾಗ ಮಾಡಿದ್ದರು. ಪಕ್ಕದ ಗುಂಪಿನವರು ಜಗಳಕ್ಕೇ ಬಂದರು. ಎಲ್ಲರಿಗೂ ಒಂದೇ ರೀತಿ ಕಾಣುವ ಲಕ್ಷಣವೇ ಬೇಕು ಎಂಬ ತೀರ್ಮಾನಕ್ಕೆ ಆ ಜಗಳದಿಂದಲೇ ತಲುಪಿದರು. ಕರಿಹಲಗೆಯ ಮೇಲೆ ಅದನ್ನು ನಾನು ಬರೆಯುವ ಅಗತ್ಯ ಬರಲಿಲ್ಲ.

ಸಸ್ಯಗ್ರಂಥದಿಂದ ಹೆಸರು ಬಂತು. ರಾಜೋದ್ಯಾನದ ದೊಡ್ಡವರಾದ ಬ್ಯೂಫಾನರ ಬೆಂಬಲದಿಂದ ಅದು ಸರಕಾರಿ ಮುದ್ರಣಾಲಯದಲ್ಲೇ ಅಚ್ಚಾಯಿತು. 1779ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, ಆಮೇಲೆ ರಾಜೋದ್ಯಾನದಲ್ಲಿ ಒಣಸಸ್ಯ ಸಂಗ್ರಹದ ಹುದ್ದೆ. ಅಷ್ಟರಲ್ಲಿ ಫ್ರೆಂಚ್ ಕ್ರಾಂತಿ ಬಂತು. ರಾಜ ಹೋದ ಮೇಲೆ ರಾಜೋದ್ಯಾನವೂ ಉಳಿಯಲಿಲ್ಲ. 1793ರ ಜೂನ್‌ನಲ್ಲಿ ಅದು ಪ್ರಕೃತಿ ವಿಜ್ಞಾನದ ರಾಷ್ಟ್ರೀಯ ಸಂಗ್ರಹಾಲಯವಾಯಿತು. ಹನ್ನೆರಡು ಪ್ರಾಧ್ಯಾಪಕ ಪೀಠಗಳು ಹುಟ್ಟಿದವು. ಸಸ್ಯಶಾಸ್ತ್ರದ ಪೀಠಗಳು ಬೇರೆಯವರ ಪಾಲಾದವು. ಸಸ್ತನಿ, ಪಕ್ಷಿ ಮುಂತಾದ ಬೆನ್ನುಮೂಳೆಯ ಪ್ರಾಣಿಗಳು ಜೊಫ್ರಾ ಸೇಂಟ್ ಹಿಲೇರ್ ಎಂಬ 21 ವರ್ಷದ ಯುವಕನಿಗೆ ಸಿಕ್ಕವು. ಉಳಿದದ್ದು ಕೀಟ, ಹುಳು ಮತ್ತು ಸೂಕ್ಷ್ಮ ಪ್ರಾಣಿಗಳ ಪೀಠ. ಅದನ್ನು 48 ವರ್ಷದ ಲಾಮಾರ್ಕ್ ಒಪ್ಪಿಕೊಂಡರು.

ಇದರ ಅರ್ಥವೇನೆಂದು ಯೋಚಿಸಬೇಕು. ಇಪ್ಪತ್ತೈದು ವರ್ಷ ಗಿಡಗಳ ಜತೆ ಕಳೆದವರಿಗೆ, ಐವತ್ತರ ಅಂಚಿನಲ್ಲಿ, ನೀವು ನಾಳೆಯಿಂದ ಬೇರೆ ವಿಷಯ ಪಾಠ ಮಾಡಿ ಎಂದಂತೆ. ನಮ್ಮ ಪ್ರೌಢಶಾಲೆಗಳಲ್ಲಿ ಗಣಿತದವರಿಗೆ ಇಂಗ್ಲಿಷ್ ಅವಧಿ ಹಾಕಿದರೆ ಏನಾಗುತ್ತದೆಂದು ಶಾಲಾ ಅನುಭವಕ್ಕೆ ಹೋಗಿ ಬಂದವರಿಗೆಲ್ಲ ಗೊತ್ತು. ಲಾಮಾರ್ಕರಿಗೆ ಚಿಪ್ಪುಗಳ ಹವ್ಯಾಸ ಮೊದಲೇ ಇತ್ತು ಎಂಬುದು ನಿಜ. ಬ್ರೂಗಿಯೇರ್ ಎಂಬ ಚಿಪ್ಪುತಜ್ಞ ಅವರ ಸ್ನೇಹಿತರು. ಆದರೆ ಚಿಪ್ಪು ಸಂಗ್ರಹಿಸುವುದು ಬೇರೆ, ಜಗತ್ತಿನ ಬೆನ್ನುಮೂಳೆಯಿಲ್ಲದ ಪ್ರಾಣಿಗಳನ್ನೆಲ್ಲ ಹೊತ್ತುಕೊಳ್ಳುವುದು ಬೇರೆ. ಅವರು ತಯಾರಿ ಮಾಡಿಕೊಂಡು ಮರುವರ್ಷ ತರಗತಿ ಆರಂಭಿಸಿದರು.

ಅವರಿಗೆ ಸಿಕ್ಕ ಆಸ್ತಿಯಾದರೂ ಎಂಥದು? ಲಿನ್ನೇಯಸ್ ಪ್ರಾಣಿಗಳನ್ನು ಆರು ವರ್ಗ ಮಾಡಿದ್ದರು. ಅದರಲ್ಲಿ ನಾಲ್ಕು ಬೆನ್ನುಮೂಳೆಯವು. ಉಳಿದ ಅಸಂಖ್ಯ ಜೀವಿಗಳಿಗೆಲ್ಲ ಎರಡೇ ವರ್ಗ, ಕೀಟ ಮತ್ತು ಹುಳು. ಏಡಿ, ಸೀಗಡಿ, ಜೇಡ ಎಲ್ಲ ಕೀಟದಲ್ಲಿ ಸೇರಿದ್ದವು. ಹುಳು ಎಂಬ ವರ್ಗವಂತೂ ಮನೆಯ ಅಟ್ಟದಂತೆ, ಎಲ್ಲೂ ಜಾಗವಿಲ್ಲದ್ದನ್ನು ಎಸೆಯುವ ಸ್ಥಳ. ಎರೆಹುಳು ಅಲ್ಲಿ, ಶಂಖ ಅಲ್ಲಿ, ನಕ್ಷತ್ರಮೀನು ಅಲ್ಲಿ, ಹವಳ ಅಲ್ಲಿ, ಲೋಳೆಮೀನು ಅಲ್ಲಿ. ಸಮುದ್ರದ ಜೀವಿಗಳ ಬಹುಪಾಲು ಈ ಅಟ್ಟದಲ್ಲೇ ಇತ್ತು. ಜತೆಗೆ ಸಂಗ್ರಹಾಲಯಕ್ಕೆ ಹಡಗುಗಳಿಂದ ಹೊಸ ಪೆಟ್ಟಿಗೆಗಳು ಬಂದು ಬೀಳುತ್ತಲೇ ಇದ್ದವು.

ಅಟ್ಟವನ್ನು ಖಾಲಿ ಮಾಡಲು ಅವರಿಗೆ ಹದಿನೈದು ವರ್ಷ ಹಿಡಿಯಿತು. 1801ರಲ್ಲಿ ಬಂದ ಅವರ ಪುಸ್ತಕದಲ್ಲಿ ಎರಡು ವರ್ಗಗಳ ಬದಲು ಏಳು ವರ್ಗಗಳಿದ್ದವು. ಏಡಿ ಸೀಗಡಿಗಳನ್ನು ಕೀಟಗಳಿಂದ ಬೇರ್ಪಡಿಸಿದ್ದರು, ಜೇಡ ಚೇಳುಗಳನ್ನು ಬೇರೆ ಮಾಡಿದ್ದರು. 1802ರಲ್ಲಿ ಎರೆಹುಳುವಿನಂಥ ಬಳೆಬಳೆಯ ಹುಳುಗಳನ್ನು ಉಳಿದ ಹುಳುಗಳಿಂದ ಪ್ರತ್ಯೇಕಿಸಿ ಅನೆಲಿಡಾ ಎಂಬ ಗುಂಪು ಮಾಡಿದರು. 1809ರ ಹೊತ್ತಿಗೆ ಹತ್ತು ವರ್ಗಗಳಾದವು. ನಾವು ಮಕ್ಕಳಿಗೆ ಕಂಠಪಾಠ ಮಾಡಿಸುವ ಅಕಶೇರುಕ ವಂಶಗಳ ಪಟ್ಟಿಯ ಅಸ್ತಿಭಾರ ಇಲ್ಲಿದೆ. ಬೆನ್ನುಮೂಳೆಯ ಪ್ರಾಣಿಗಳು, ಬೆನ್ನುಮೂಳೆಯಿಲ್ಲದ ಪ್ರಾಣಿಗಳು ಎಂಬ ಆ ವಿಂಗಡಣೆಯನ್ನು ಈ ಮಾತುಗಳಲ್ಲಿ ಗಟ್ಟಿಗೊಳಿಸಿದವರೂ ಅವರೇ. ಜೀವಶಾಸ್ತ್ರ ಎಂಬುದಕ್ಕೆ ಬಯಾಲಜಿ ಎಂಬ ಪದವನ್ನು 1802ರಲ್ಲಿ ಬಳಕೆಗೆ ತಂದವರಲ್ಲಿ ಅವರೂ ಒಬ್ಬರು.

ವರ್ಗಗಳು ದೊಡ್ಡ ಪೆಟ್ಟಿಗೆಗಳಾದರೆ ಕುಲಗಳು ಒಳಗಿನ ಸಣ್ಣ ಡಬ್ಬಿಗಳು. ಚಿಪ್ಪುಗಳಿಗೆ ಲಾಮಾರ್ಕ್ ಮಾಡಿದ ಡಬ್ಬಿಗಳು ಇಂದಿಗೂ ಬಳಕೆಯಲ್ಲಿವೆ. ಕರಾವಳಿಯ ಅಳಿವೆಗಳಲ್ಲಿ ಮಹಿಳೆಯರು ಬುಟ್ಟಿ ಹಿಡಿದು ಆಯುವ, ತುಳುವಿನಲ್ಲಿ ಮರುವಾಯಿ ಎನ್ನುವ ಚಿಪ್ಪುಗಳಲ್ಲಿ ಒಂದು ಮೆರೆಟ್ರಿಕ್ಸ್ ಕಾಸ್ಟಾ. ಅದರ ಕುಲ ಲಾಮಾರ್ಕ್ 1799ರಲ್ಲಿ ಮಾಡಿದ್ದು. ಮಂಗಳೂರು ಮಲ್ಪೆ ಬಂದರುಗಳಲ್ಲಿ ಬೊಂಡಾಸ್ ಎಂದು ಮಾರುವ ಪ್ರಾಣಿ ದೀರ್ಘಕಾಲ ಪುಸ್ತಕಗಳಲ್ಲಿ ಲೊಲಿಗೋ ಎಂಬ ಕುಲದಲ್ಲಿತ್ತು. ಅದೂ ಲಾಮಾರ್ಕರದೇ, 1798ರದು. ಈಗ ತಜ್ಞರು ನಮ್ಮ ಬೊಂಡಾಸನ್ನು ಅಲ್ಲಿಂದ ತೆಗೆದು ಯೂರೋಟ್ಯೂತಿಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಲಿನ್ನೇಯಸರ ಶಂಖಕ್ಕೆ ಲಾಮಾರ್ಕ್ ಮಾಡಿದ್ದನ್ನೇ ಲಾಮಾರ್ಕರ ಬೊಂಡಾಸಿಗೆ ಮುಂದಿನವರು ಮಾಡಿದರು. ತಿನ್ನುವವನಿಗೆ ಅದರ ರುಚಿಯಲ್ಲೇನೂ ವ್ಯತ್ಯಾಸವಿಲ್ಲ, ಆದರೆ ಹಳೆಯ ಪುಸ್ತಕ ಹಿಡಿದು ಉತ್ತರ ಬರೆಯುವ ವಿದ್ಯಾರ್ಥಿಗೆ ಒಂದು ಅಂಕ ಹೋಗಬಹುದು.

ಹೆಸರಿನ ಲೋಕದಲ್ಲಿ ನ್ಯಾಯ ಬಹಳ ಕಠಿಣ. ಮೊದಲು ಅಚ್ಚಾದ ಹೆಸರಿಗೇ ಹಕ್ಕು. ಕೈಬೆರಳುಗಳಂತೆ ಮುಳ್ಳು ಚಾಚಿದ ಚಿಪ್ಪೊಂದಿದೆ, ಅಲಂಕಾರಕ್ಕೆ ಮನೆಗಳಲ್ಲಿ ಇಡುತ್ತಾರೆ. ಅದಕ್ಕೆ 1799ರಲ್ಲಿ ಲಾಮಾರ್ಕ್ ಟೆರೊಸೆರಾ ಎಂಬ ಕುಲ ಮಾಡಿದರು. ಆದರೆ ಒಂದು ವರ್ಷ ಮುಂಚೆ, 1798ರಲ್ಲಿ, ಜರ್ಮನಿಯ ಹ್ಯಾಂಬರ್ಗಿನಲ್ಲಿ ತೀರಿಕೊಂಡ ವೈದ್ಯರೊಬ್ಬರ ಚಿಪ್ಪುಗಳನ್ನು ಹರಾಜು ಹಾಕಲು ರೋಡಿಂಗ್ ಎಂಬವರು ಒಂದು ಪಟ್ಟಿ ಅಚ್ಚು ಹಾಕಿಸಿದ್ದರು. ಅದರಲ್ಲಿ ಅದೇ ಚಿಪ್ಪಿಗೆ ಲ್ಯಾಂಬಿಸ್ ಎಂಬ ಕುಲದ ಹೆಸರಿತ್ತು. ಆ ಪಟ್ಟಿ ನೂರು ವರ್ಷ ಯಾರ ಗಮನಕ್ಕೂ ಬರಲಿಲ್ಲ. ಲಾಮಾರ್ಕರ ಹೆಸರುಗಳೇ ಎಲ್ಲೆಡೆ ನಡೆದವು. ಇಪ್ಪತ್ತನೆಯ ಶತಮಾನದಲ್ಲಿ ಆ ಹರಾಜಿನ ಪಟ್ಟಿಗೆ ಮತ್ತೆ ಜೀವ ಬಂದಾಗ ಟೆರೊಸೆರಾ ಸೇರಿದಂತೆ ಅವರ ಕೆಲವು ಹೆಸರುಗಳು ಬಿದ್ದುಹೋದವು. ಒಬ್ಬರು ಪ್ರಾಣಿಯ ಲಕ್ಷಣ ವಿವರಿಸಿ ಕುಲ ಕಟ್ಟಿದವರು, ಇನ್ನೊಬ್ಬರು ಮಾರಾಟದ ಪಟ್ಟಿ ಬರೆದವರು. ನಿಯಮಕ್ಕೆ ಅದು ಬೇಕಿಲ್ಲ, ದಿನಾಂಕ ಮಾತ್ರ ಬೇಕು. ನನಗಿದು ಅನ್ಯಾಯವೆಂದೇ ಅನ್ನಿಸಿತು. ಆದರೆ ದಿನಾಂಕದ ಬದಲು ಯೋಗ್ಯತೆ ನೋಡಲು ಹೊರಟರೆ ಯಾರ ಹೆಸರು ಉಳಿಯಬೇಕೆಂಬ ಜಗಳ ಎಂದೂ ಮುಗಿಯದು ಎಂಬುದೂ ನಿಜ.

ಆ ಜಗಳ ಎಷ್ಟು ದೊಡ್ಡದಾಗಬಹುದಿತ್ತು ಎಂಬುದಕ್ಕೆ ಈಚಿನ ಲೆಕ್ಕವಿದೆ. ಬೆಲ್ಜಿಯಂನ ಆಸ್ಟೆಂಡ್ ನಗರದ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವ ಸಾಗರ ಪ್ರಭೇದಗಳ ದಾಖಲೆ ಎಂಬ ಬೃಹತ್ ಪಟ್ಟಿಯನ್ನು ಹಲವು ದೇಶಗಳ ತಜ್ಞರು ಸೇರಿ ಕಾಪಾಡುತ್ತಿದ್ದಾರೆ. 2015ರ ಹೊತ್ತಿಗೆ ಅವರು ಸುಮಾರು 4 ಲಕ್ಷ 19 ಸಾವಿರ ಹೆಸರುಗಳನ್ನು ಪರಿಶೀಲಿಸಿದ್ದರು. ಅದರಲ್ಲಿ ಸುಮಾರು 1 ಲಕ್ಷ 90 ಸಾವಿರ ಹೆಸರುಗಳು ಪುನರಾವರ್ತನೆಗಳು, ಎಂದರೆ ಆಗಲೇ ಹೆಸರಿದ್ದ ಪ್ರಾಣಿಗೆ ಇನ್ನೊಬ್ಬರು ಇಟ್ಟ ಇನ್ನೊಂದು ಹೆಸರು. ಯುರೋಪಿನ ಬಂಡೆಗಳ ಮೇಲೆ ಇರುವ ಒಂದು ಪುಟ್ಟ ಬಸವನಹುಳು, ಲಿಟ್ಟೊರಿನಾ ಸ್ಯಾಕ್ಸಾಟಿಲಿಸ್, 113 ಹೆಸರು ಹೊತ್ತು ದಾಖಲೆ ಮಾಡಿತು. ಅದರ ಚಿಪ್ಪು ಜಾಗದಿಂದ ಜಾಗಕ್ಕೆ ಆಕಾರ, ಬಣ್ಣ ಬದಲಿಸುತ್ತದೆ. ಕಂಡವರೆಲ್ಲ ಹೊಸದು ಎಂದುಕೊಂಡರು. ಒಂದೇ ಮರುವಾಯಿಯನ್ನು ಕೊಂಕಣಿಯ ಮನೆಯಲ್ಲಿ ಖುಬೆ ಎಂದರೆ ಅದು ಎರಡು ಪ್ರಾಣಿಯಾಗುವುದಿಲ್ಲವಲ್ಲ. ಕರಾವಳಿಯ ಶಾಲೆಯಲ್ಲಿ ಈ ಪಾಠ ಮಾಡುವವರಿಗೆ ಪೀಠಿಕೆ ಸಿದ್ಧವಾಗಿಯೇ ಇದೆ.

ಈಗ ವಿಕಾಸವಾದಕ್ಕೆ ಬರಬೇಕು. ಅದನ್ನೂ ಚಿಪ್ಪುಗಳ ಮೂಲಕವೇ ನೋಡಬೇಕು ಎಂಬುದು ನನ್ನ ವಾದ. ಪ್ಯಾರಿಸ್ಸಿನ ಸುತ್ತಲಿನ ಮಣ್ಣಿನಲ್ಲಿ ಚಿಪ್ಪಿನ ಪಳೆಯುಳಿಕೆಗಳು ರಾಶಿರಾಶಿ ಸಿಗುತ್ತವೆ. ಸಮುದ್ರವೇ ಇಲ್ಲದ ಊರಿನಲ್ಲಿ ಸಮುದ್ರದ ಚಿಪ್ಪು. 1802ರಿಂದ 1806ರವರೆಗೆ ಲಾಮಾರ್ಕ್ ಅವುಗಳನ್ನು ಒಂದೊಂದಾಗಿ ವಿವರಿಸಿದರು. ಜೀವಂತ ಚಿಪ್ಪುಗಳ ಪಟ್ಟಿ ಕೈಯಲ್ಲಿದ್ದವರಿಗೆ ಮಾತ್ರ ಪಳೆಯುಳಿಕೆಯ ಚಿಪ್ಪು ಅದಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ಹೇಳಲು ಸಾಧ್ಯ. ಎರಡೂ ಪಟ್ಟಿ ಇದ್ದದ್ದು ಇವರ ಬಳಿ. ಸಂಗ್ರಹಾಲಯದ ಸಹೋದ್ಯೋಗಿ ಕ್ಯುವಿಯೆ ಆನೆಯಂಥ ದೊಡ್ಡ ಪ್ರಾಣಿಗಳ ಮೂಳೆಗಳನ್ನು ನೋಡಿ, ಹಳೆಯ ಪ್ರಭೇದಗಳು ಮಹಾದುರಂತಗಳಲ್ಲಿ ಅಳಿದುಹೋದವು ಎಂದರು. ಲಾಮಾರ್ಕ್ ಚಿಪ್ಪುಗಳನ್ನು ನೋಡಿ, ಅವು ಅಳಿಯಲಿಲ್ಲ, ನಿಧಾನವಾಗಿ ಬದಲಾದವು ಎಂದರು.

1804ರಲ್ಲಿ ಅವರಿಗೆ ಒಂದು ಸೊಗಸಾದ ಪುರಾವೆ ಸಿಕ್ಕಿದಂತಾಯಿತು. ಟ್ರೈಗೋನಿಯಾ ಎಂಬ ಚಿಪ್ಪು ಅಲ್ಲಿಯತನಕ ಪಳೆಯುಳಿಕೆಯಾಗಿ ಮಾತ್ರ ಗೊತ್ತಿತ್ತು. ಬೋಡಿನ್ ನೌಕಾಯಾನದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿದ್ದ ಪೆರೋನ್ ಎಂಬ ತರುಣ ವಿಜ್ಞಾನಿ ಅಲ್ಲಿನ ದಕ್ಷಿಣ ಸಮುದ್ರದಿಂದ ಅದೇ ಬಗೆಯ, ಒಳಗೆ ಮುತ್ತಿನ ಹೊಳಪಿರುವ ಒಂದು ಚಿಪ್ಪನ್ನು ತಂದರು. ಸತ್ತಿತೆಂದುಕೊಂಡಿದ್ದ ಬಳಗದಲ್ಲಿ ಒಂದು ಬದುಕಿತ್ತು. ಆದರೆ ಅದು ಪಳೆಯುಳಿಕೆಯಂತೆಯೇ ಇರಲಿಲ್ಲ, ಸ್ವಲ್ಪ ಬೇರೆಯಾಗಿತ್ತು. ಲಾಮಾರ್ಕ್ ಅದಕ್ಕೆ ಹೆಸರಿಟ್ಟರು. ಇಂದು ಅದು ನಿಯೋಟ್ರೈಗೋನಿಯಾ ಮಾರ್ಗರಿಟೇಸಿಯಾ, ಮತ್ತೆ ಲಾಮಾರ್ಕ್ 1804 ಎಂಬುದು ಆವರಣದೊಳಗೆ. ಅಳಿವು ಎಂಬುದೇ ಇಲ್ಲವೆನ್ನುವಷ್ಟು ದೂರ ಹೋದದ್ದು ಅವರ ತಪ್ಪು. ಅಳಿವಿನ ವಿಷಯದಲ್ಲಿ ಕ್ಯುವಿಯೆ ಸರಿ. ಪ್ರಭೇದಗಳು ಬದಲಾಗುತ್ತವೆ ಎಂಬ ವಿಷಯದಲ್ಲಿ ಲಾಮಾರ್ಕ್ ಸರಿ. ಹೇಗೆ ಬದಲಾಗುತ್ತವೆ ಎಂಬಲ್ಲಿ ಅವರು ಎಡವಿದರು, ನಮ್ಮ ಜಿರಾಫೆ ಬರುವುದು ಅಲ್ಲಿ. 1809ರ ಅವರ ಪ್ರಸಿದ್ಧ ಗ್ರಂಥದಲ್ಲಿ ಜಿರಾಫೆಗೆ ಇರುವ ಜಾಗ ಕೆಲವೇ ವಾಕ್ಯಗಳು. ನಮ್ಮ ಪಾಠಯೋಜನೆಗಳಲ್ಲಿ ಅದೇ ಇಡೀ ಲಾಮಾರ್ಕ್ ಆಗಿಬಿಟ್ಟಿದೆ.

ಪ್ರಭೇದಗಳು ಸ್ಥಿರವಲ್ಲ ಎಂಬ ಮಾತನ್ನು ಲಾಮಾರ್ಕ್ ಮೊದಲು ಸಾರ್ವಜನಿಕವಾಗಿ ಆಡಿದ್ದು 1800ರ ಮೇ ತಿಂಗಳಲ್ಲಿ, ಅಕಾಡೆಮಿಯ ಸಭೆಯಲ್ಲಲ್ಲ, ತಮ್ಮ ವಿದ್ಯಾರ್ಥಿಗಳ ಎದುರಿಗೆ, ಆ ವರ್ಷದ ತರಗತಿಯ ಮೊದಲ ಪಾಠದಲ್ಲಿ. ಮರುವರ್ಷದ ಪುಸ್ತಕದಲ್ಲಿ ಅದೇ ಉಪನ್ಯಾಸ ಮುನ್ನುಡಿಯ ಜಾಗದಲ್ಲಿ ಅಚ್ಚಾಯಿತು. ಪೀಠಿಕೆ ಐದು ನಿಮಿಷ ಮೀರಬಾರದು ಎಂದು ನಮಗೆ ಹೇಳಿಕೊಡುತ್ತಾರೆ. ಲಾಮಾರ್ಕರ ಪೀಠಿಕೆ ಆ ಮಿತಿಯೊಳಗೆ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಅವರನ್ನು ಪೂರ್ತಿ ಸಮರ್ಥಿಸುವುದು ಕಷ್ಟ. ಲವಾಸಿಯೆ ಕಟ್ಟಿದ ಹೊಸ ರಸಾಯನಶಾಸ್ತ್ರವನ್ನು ಅವರು ಒಪ್ಪಲೇ ಇಲ್ಲ. 1800ರಿಂದ ಸುಮಾರು ಹತ್ತು ವರ್ಷ ಹವಾಮಾನದ ವಾರ್ಷಿಕ ಪುಸ್ತಕಗಳನ್ನು ಹೊರತಂದರು. ಮುಂದಿನ ಹವೆ ಹೇಗಿರಬಹುದೆಂದು ಅಂದಾಜು ಹೇಳಿದರು, ಅದು ತಪ್ಪಿದಾಗ ಜನ ನಕ್ಕರು. 1809ರಲ್ಲಿ ತಮ್ಮ ಪ್ರಾಣಿಶಾಸ್ತ್ರದ ಗ್ರಂಥವನ್ನು ನೆಪೋಲಿಯನ್ನನಿಗೆ ಅರ್ಪಿಸಲು ಹೋದರು. ಚಕ್ರವರ್ತಿ ಅದನ್ನು ಇನ್ನೊಂದು ಹವಾಮಾನದ ಪುಸ್ತಕವೆಂದು ಭಾವಿಸಿ ಎಲ್ಲರೆದುರು ಗದರಿದ. ಇದು ಪ್ರಾಣಿಶಾಸ್ತ್ರದ್ದು ಎಂದು ವಿವರಿಸಲೂ ಆಗದೆ 65ರ ಆ ಮುದುಕರು ಅತ್ತುಬಿಟ್ಟರು. ಅಲ್ಲಿದ್ದ ಖಗೋಳ ವಿಜ್ಞಾನಿ ಅರಾಗೊ ಇದನ್ನು ಬರೆದಿಟ್ಟಿದ್ದಾರೆ. ಹವಾಮಾನದ ಪುಸ್ತಕಗಳು ಮರುವರ್ಷಕ್ಕೆ ನಿಂತವು.

ಆಮೇಲೆ ಅವರು ತಮಗೆ ನಿಜವಾಗಿ ಗೊತ್ತಿದ್ದ ಕೆಲಸಕ್ಕೆ ಮರಳಿದರು. 1815ರಿಂದ 1822ರವರೆಗೆ ಬೆನ್ನುಮೂಳೆಯಿಲ್ಲದ ಪ್ರಾಣಿಗಳ ನೈಸರ್ಗಿಕ ಚರಿತ್ರೆಯ ಏಳು ಸಂಪುಟಗಳು ಬಂದವು. ಅವರ ಬದುಕಿನ ಅತ್ಯುತ್ತಮ ಕೃತಿ ಇದು ಎಂದು ಅವರ ವಿರೋಧಿಗಳೂ ಒಪ್ಪಿದರು. ಹವಳ, ಲೋಳೆಮೀನು, ಕಡಲಮುಳ್ಳಿ, ನಕ್ಷತ್ರಮೀನು, ಹುಳು, ಕೀಟ, ಏಡಿ, ಚಿಪ್ಪು ಎಲ್ಲವೂ ಕುಲಕುಲವಾಗಿ, ಪ್ರತಿ ಪ್ರಭೇದಕ್ಕೂ ಲಕ್ಷಣ, ಹಿಂದಿನವರು ಕೊಟ್ಟ ಹೆಸರು, ಸಿಗುವ ಸಮುದ್ರ. ಕೆರಿಬಿಯನ್ ಸಮುದ್ರದಲ್ಲಿ ಹವಳದ ದಿಬ್ಬಗಳನ್ನು ಕಟ್ಟಿದ ಎರಡು ಮುಖ್ಯ ಪ್ರಭೇದಗಳು, ಅಕ್ರೊಪೋರಾ ಪಾಮಾಟಾ ಮತ್ತು ಅಕ್ರೊಪೋರಾ ಸರ್ವಿಕಾರ್ನಿಸ್, ಎರಡೂ 1816ರ ಸಂಪುಟದಲ್ಲಿ ಹೆಸರು ಪಡೆದವು. ಇಂದು ಅವೆರಡೂ ಅಳಿವಿನ ಅಂಚಿನಲ್ಲಿವೆ, ಅವುಗಳ ಬಗೆಗಿನ ಪ್ರತಿ ವರದಿಯಲ್ಲೂ ಲಾಮಾರ್ಕರ ಹೆಸರು ಬರುತ್ತದೆ. ಯುರೋಪಿನಲ್ಲಿ ಸಾಕಣೆ ಮಾಡಿ ತಿನ್ನುವ ಮೆಡಿಟರೇನಿಯನ್ ನೀಲಿಚಿಪ್ಪಿಗೆ 1819ರ ಸಂಪುಟದಲ್ಲಿ ಅವರು ಇಟ್ಟ ಹೆಸರು ಕುಲವೂ ಬದಲಾಗದೆ ಹಾಗೆಯೇ ಉಳಿದಿದೆ. ಅದಕ್ಕೆ ಆವರಣ ಚಿಹ್ನೆಯಿಲ್ಲ.

ಈ ಏಳು ಸಂಪುಟಗಳ ನಡುವೆಯೇ ಅವರ ಕಣ್ಣು ಹೋಯಿತು. ದೃಷ್ಟಿ ಮಂದವಾಗುತ್ತಾ ಬಂದು 1818ರ ಹೊತ್ತಿಗೆ ಪೂರ್ತಿ ಕತ್ತಲೆ. ಚಿಪ್ಪಿನ ಗೆರೆ, ಬಾಯಿಯ ಅಂಚು, ಒಳಗಿನ ಮಡಿಕೆ ನೋಡಿ ಹೆಸರು ಹೇಳುವ ಮನುಷ್ಯನಿಗೆ ಕಣ್ಣಿಲ್ಲ. ಸಂಗ್ರಹಾಲಯದ ತರಗತಿಯನ್ನು ಲತ್ರೇಯ್ ಎಂಬ ಕೀಟತಜ್ಞರು ವಹಿಸಿಕೊಂಡರು. ಚಿಪ್ಪುಗಳ ಕೆಲವು ಭಾಗಗಳಿಗೆ ವಾಲೆನ್ಸಿಯೆನ್ ಎಂಬ ಯುವಕ ನೆರವಾದರು. ಉಳಿದದ್ದನ್ನು ಲಾಮಾರ್ಕ್ ಹೇಳುತ್ತಾ ಹೋದರು, ಮಗಳು ಕಾರ್ನೆಲಿ ಬರೆಯುತ್ತಾ ಹೋದರು. ಅವರಿಬ್ಬರೂ ಹೀಗೆ ಕೊನೆಯ ಸಂಪುಟ ಮುಗಿಸಿದ್ದು 1822ರಲ್ಲಿ. ಅಪ್ಪನಿಗೆ ಮನೆಯಿಂದ ಹೊರಬರಲಾಗದ ವರ್ಷಗಳಲ್ಲಿ ಈ ಮಗಳೂ ಹೊರಗೆ ಕಾಲಿಡುತ್ತಿರಲಿಲ್ಲ ಎಂದು ಕಂಡವರು ಬರೆದಿದ್ದಾರೆ. ಪುಸ್ತಕದ ಮುಖಪುಟದಲ್ಲಿ ಆಕೆಯ ಹೆಸರಿಲ್ಲ. ಹೆಸರುಗಳ ಪಟ್ಟಿ ಮಾಡುವ ಪುಸ್ತಕದಲ್ಲಿ ಇಲ್ಲದ ಆ ಒಂದು ಹೆಸರನ್ನು ನಾನು ತರಗತಿಯಲ್ಲಿ ಹೇಳಲೇಬೇಕೆಂದುಕೊಂಡಿದ್ದೇನೆ.

ಲಾಮಾರ್ಕ್ ತೀರಿಕೊಂಡದ್ದು 1829ರ ಡಿಸೆಂಬರ್ 18ರಂದು. ಮನೆಯಲ್ಲಿ ಅಂತ್ಯಕ್ರಿಯೆಗೂ ಹಣವಿರಲಿಲ್ಲ, ಮಕ್ಕಳು ಅಕಾಡೆಮಿಯ ನೆರವು ಕೇಳಬೇಕಾಯಿತು. ಪುಸ್ತಕಗಳು, ಮನೆಯ ಸಾಮಾನುಗಳು ಹರಾಜಾದವು. ಮಾನ್‌ಪಾರ್ನಾಸ್ ಸ್ಮಶಾನದಲ್ಲಿ ಐದು ವರ್ಷದ ಬಾಡಿಗೆಯ ಗುಂಡಿಯಲ್ಲಿ ಹೂಳಿದರು. ಅವಧಿ ಮುಗಿದ ಮೇಲೆ ಅಂಥ ಗುಂಡಿಗಳ ಮೂಳೆಗಳನ್ನು ತೆಗೆದು ಒಟ್ಟಾಗಿ ಬೇರೆಡೆಗೆ ಸಾಗಿಸುವ ಪದ್ಧತಿ. ಹಾಗೆ ಅವರ ಮೂಳೆಗಳು ಎಲ್ಲಿ ಹೋದವೆಂದು ಗುರುತಿಸಲು ಯಾವ ದಾಖಲೆಯೂ ಉಳಿಯಲಿಲ್ಲ. ಕ್ಯುವಿಯೆ ಬರೆದಿಟ್ಟ ಶ್ರದ್ಧಾಂಜಲಿಯನ್ನು 1832ರಲ್ಲಿ ಅಕಾಡೆಮಿಯಲ್ಲಿ ಓದಲಾಯಿತು. ಅಷ್ಟರಲ್ಲಿ ಕ್ಯುವಿಯೆಯೂ ತೀರಿಕೊಂಡಿದ್ದರು. ಅದರಲ್ಲಿ ಚಿಪ್ಪು ಮತ್ತು ಹವಳದ ಕೆಲಸಕ್ಕೆ ಹೊಗಳಿಕೆಯಿತ್ತು, ಉಳಿದ ಸಿದ್ಧಾಂತಗಳಿಗೆಲ್ಲ ಗಾಳಿಯಲ್ಲಿ ಕಟ್ಟಿದ ಅರಮನೆಯ ಪಟ್ಟ. ನಮ್ಮ ತರಗತಿಗಳಲ್ಲಿ ಇಂದಿಗೂ ನಡೆಯುತ್ತಿರುವುದು ಆ ಶ್ರದ್ಧಾಂಜಲಿಯ ಎರಡನೆಯ ಅರ್ಧ ಮಾತ್ರ. ಮೊದಲ ಅರ್ಧವನ್ನು ನಾವು ಕ್ಯುವಿಯೆಗಿಂತಲೂ ಹೆಚ್ಚು ಮರೆತಿದ್ದೇವೆ.

1909ರಲ್ಲಿ ಅದೇ ಉದ್ಯಾನದ ಬಾಗಿಲಲ್ಲಿ ಅವರ ಪ್ರತಿಮೆ ನಿಂತಿತು. ಪೀಠದ ಹಿಂಬದಿಯಲ್ಲಿ ಕುರುಡು ತಂದೆ ಕುಳಿತಿದ್ದಾರೆ, ಪಕ್ಕದಲ್ಲಿ ಕಾರ್ನೆಲಿ ನಿಂತು ಸಮಾಧಾನ ಹೇಳುತ್ತಿದ್ದಾರೆ. ಚಿಪ್ಪುಗಳ ಪ್ರಯಾಣ ಬೇರೆಯಾಯಿತು. ಅವರ ಸ್ವಂತ ಸಂಗ್ರಹ ಒಬ್ಬ ಸಿರಿವಂತನ ಕೈಗೆ, ಅಲ್ಲಿಂದ ಡೆಲೆಸೆರ್ ಎಂಬ ಬ್ಯಾಂಕರ್ ಕೈಗೆ ಹೋಗಿ, 1869ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಸಂಗ್ರಹಾಲಯ ಸೇರಿತು. ಇನ್ನೊಂದು ಪಾಲು ಪ್ಯಾರಿಸ್ಸಿನಲ್ಲಿ ಉಳಿಯಿತು. ಯಾವುದೋ ಸಮುದ್ರದಲ್ಲಿ ಸಿಕ್ಕ ಚಿಪ್ಪು ಲಾಮಾರ್ಕ್ ಹೆಸರಿಟ್ಟ ಪ್ರಭೇದವೇ ಅಲ್ಲವೇ ಎಂಬ ಸಂಶಯ ಬಂದಾಗ, ತಜ್ಞರು ಈಗಲೂ ಆ ಎರಡು ಊರುಗಳ ಖಾನೆಗಳನ್ನು ತೆರೆದು, ಅವರು ಕೈಯಲ್ಲಿ ಹಿಡಿದು ನೋಡಿದ್ದ ಚಿಪ್ಪಿನ ಪಕ್ಕದಲ್ಲಿ ಹೊಸದನ್ನು ಇಟ್ಟು ಹೋಲಿಸುತ್ತಾರೆ.